ತಿದ್ದುವುದು, ತಿರುಚುವುದು

ಕಂಪ್ಯೂಟರನ್ನು ನಿಲ್ಲಿಸಿ, ಗೋಡೆಯ ಸ್ವಿಚ್ಚನ್ನೂ ಆರಿಸಿ, ಕೊಠಡಿಗೆ ಬೀಗ ಹಾಕಿಕೊಂಡು ಮನೆಗೆ ಬಂದ ಮೇಲೆಯೂ ಅದರೊಳಗೆ ಒಂದು ಗಡಿಯಾರ ನಡೆಯುತ್ತಲೇ ಇರುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿರಲಾರದು. ಬೇಸಿಗೆ ರಜೆಯುದ್ದಕ್ಕೂ ಶಾಲೆಯಲ್ಲಿ ಯಾರೂ ಇರುವುದಿಲ್ಲ; ಕರೆಂಟು ಇದ್ದರೂ ಹೋದರೂ ಕೇಳುವವರಿಲ್ಲ. ಶಾಲೆ ತೆರೆಯುವ ದಿನ ಬೀಗ ತೆಗೆದು, ಧೂಳು ಒರೆಸಿ, ಗುಂಡಿ ಒತ್ತಿದರೆ ಪರದೆಯ ಮೂಲೆಯಲ್ಲಿ ಅಂದಿನ ತಾರೀಕು, ಆ ಹೊತ್ತಿನ ಗಂಟೆ ತಾನಾಗಿ ಮೂಡುತ್ತದೆ. ವಾರಗಟ್ಟಲೆ ನಿದ್ದೆ ಹೋಗಿದ್ದವನು ಎದ್ದು ಕೂತ ಕೂಡಲೇ, ಯಾರನ್ನೂ ಕೇಳದೆ, ಇಂದು ಇಂಥ ದಿನ ಎಂದರೆ ನಾವು ಬೆರಗಾಗುವುದಿಲ್ಲವೆ? ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಅದೇನೂ ದೊಡ್ಡದಲ್ಲ ಎಂಬಂತೆ ಇದ್ದುಬಿಡುತ್ತೇವೆ.

ನಿಜವಾಗಿ ಅದಕ್ಕೆ ಹೇಳಿಕೊಡುವವರು ಒಬ್ಬರಿದ್ದಾರೆ. ಮದರ್ ಬೋರ್ಡಿನ ಮೇಲೆ ಒಂದು ರೂಪಾಯಿಯ ನಾಣ್ಯದ ಹಾಗಿರುವ ಮೂರು ವೋಲ್ಟಿನ ಸೆಲ್ಲು ಕಾಣುತ್ತದೆ. ಹೊರಗಿನ ವಿದ್ಯುತ್ತು ಹೋದಾಗ ಆ ಸೆಲ್ಲಿನ ಬಲದಿಂದ ಒಂದು ಪುಟ್ಟ ಗಡಿಯಾರ ಎಚ್ಚರವಾಗಿರುತ್ತದೆ. ಅದರ ಹೆಸರು ರಿಯಲ್ ಟೈಮ್ ಕ್ಲಾಕ್. ಅದರ ಪಕ್ಕದಲ್ಲೊಂದು ಸ್ಫಟಿಕ ಸೆಕೆಂಡಿಗೆ 32,768 ಸಲ ಅದುರುತ್ತದೆ. ಎರಡನ್ನು ಎರಡರಿಂದ ಗುಣಿಸುತ್ತಾ ಹೋಗಿ, ಹದಿನೈದು ಎರಡುಗಳಾದಾಗ ಬರುವ ಸಂಖ್ಯೆ ಅದು. ಹದಿನೈದು ಸಲ ಅರ್ಧ ಮಾಡಿದರೆ ಉಳಿಯುವುದು ಒಂದು. ಅದೇ ಒಂದು ಸೆಕೆಂಡು. 1981ರಲ್ಲಿ ಐ.ಬಿ.ಎಂ. ಕಂಪೆನಿಯ ಮೊದಲ ಪರ್ಸನಲ್ ಕಂಪ್ಯೂಟರು ಬಂದಾಗ ಈ ಏರ್ಪಾಡು ಇರಲಿಲ್ಲ. ಪ್ರತಿ ಸಲ ಶುರು ಮಾಡಿದಾಗಲೂ ಅದು ತಾರೀಕು ಎಷ್ಟು, ಗಂಟೆ ಎಷ್ಟು ಎಂದು ಕೂತವರನ್ನೇ ಕೇಳುತ್ತಿತ್ತು. ಉತ್ತರ ಕೊಡದೆ ಮುಂದೆ ಹೋದರೆ 1980ರ ಜನವರಿ 1 ಎಂದು ಇಟ್ಟುಕೊಳ್ಳುತ್ತಿತ್ತು. 1984ರಲ್ಲಿ ಬಂದ ಪಿ.ಸಿ. ಎ.ಟಿ. ಎಂಬ ಮಾದರಿಯಲ್ಲಿ ಮೋಟರೋಲಾ ಕಂಪೆನಿಯ ಎಂ.ಸಿ. 146818 ಎಂಬ ಗಡಿಯಾರದ ಚಿಪ್ಪನ್ನು ಕೂರಿಸಿದರು. ಈಗ ಆ ಚಿಪ್ಪು ಬಿಡಿಯಾಗಿ ಕಾಣುವುದಿಲ್ಲ. ಬೇರೆ ದೊಡ್ಡ ಚಿಪ್ಪಿನ ಹೊಟ್ಟೆಯೊಳಗೆ ಸೇರಿಹೋಗಿದೆ. ಆದರೆ ನಡವಳಿಕೆ ಇಂದಿಗೂ ಬಹುಮಟ್ಟಿಗೆ ಅದರದೇ.

ನಾನು ಓದಿದ್ದು ಬಿ.ಎ., ಬಿ.ಎಡ್.; ಕಲಿಸುವುದು ಇತಿಹಾಸ. ಇಂಥ ವಿಷಯಕ್ಕೆ ಕೈ ಹಾಕುವ ಅಧಿಕಾರ ನಿನಗೇನು ಎಂದು ಓದುಗರು ಕೇಳಬಹುದು. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕರ್ನಲ್ ಬರೆಯುವ ಕೆಲಸದಲ್ಲಿದ್ದಾನೆ. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮಿನ ಒಳತಿರುಳು. ಪರದೆ, ಕೀಲಿಮಣೆ, ನೆನಪು, ಎಲ್ಲಕ್ಕೂ ಮೇಲಿನ ಯಜಮಾನ. ಹಬ್ಬಕ್ಕೆ ಬಂದಾಗ ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುವವಳು ಮನೆಯಲ್ಲಿ ನಾನೊಬ್ಬಳೇ. ಅವನ ಅಮ್ಮನಿಗೆ ಅಡಿಗೆ ಮನೆಯ ಗಡಿಬಿಡಿ. ಹೀಗೆ ಕೇಳಿದ್ದು, ಆಮೇಲೆ ಪುಸ್ತಕ ತರಿಸಿ ಓದಿದ್ದು, ಎರಡೂ ಸೇರಿ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತುಬಿಟ್ಟಿದೆ. ತಪ್ಪಾದ ಗಡಿಯಾರವನ್ನು ಸರಿ ಮಾಡುವುದು, ಸರಿಯಾದ ಗಡಿಯಾರವನ್ನು ಸುಳ್ಳು ಮಾಡುವುದು, ಇವೆರಡೂ ಯಂತ್ರದ ಮಟ್ಟದಲ್ಲಿ ಒಂದೇ ಕೆಲಸ. ಅದೇ ಖಾನೆ, ಅದೇ ಅಂಕಿ, ಅದೇ ಆಜ್ಞೆ. ಹಾಗಾದರೆ ತಿದ್ದುವುದಕ್ಕೂ ತಿರುಚುವುದಕ್ಕೂ ನಡುವಿನ ಗೆರೆ ಎಲ್ಲಿದೆ? ಬರೆಯುವವನ ಮನಸ್ಸಿನಲ್ಲಿ ಮಾತ್ರವೊ, ಅಥವಾ ಬರೆಯುವ ರೀತಿಯಲ್ಲೂ ಇದೆಯೊ?

ಮೊದಲು ಓದುವ ರೀತಿ ನೋಡೋಣ. ಚಿಪ್ಪಿನೊಳಗೆ 64 ಸಣ್ಣ ಖಾನೆಗಳಿವೆ. ಅವುಗಳಲ್ಲಿ ಮೊದಲ ಹದಿನಾಲ್ಕು ಗಡಿಯಾರದವು. ಸೆಕೆಂಡಿಗೊಂದು, ನಿಮಿಷಕ್ಕೊಂದು, ಗಂಟೆಗೊಂದು, ತಾರೀಕು, ತಿಂಗಳು, ವರ್ಷಗಳಿಗೆ ಒಂದೊಂದು. ಕೊನೆಯ ನಾಲ್ಕು ಗಡಿಯಾರದ ಸ್ಥಿತಿಗತಿ ತಿಳಿಸುವಂಥವು. ಈ ಖಾನೆಗಳಿಗೂ ರಿಜಿಸ್ಟರ್ ಎಂದೇ ಹೆಸರು, ನಮ್ಮ ಹಾಜರಿ ರಿಜಿಸ್ಟರಿನ ಹಾಗೆ. ಇವುಗಳನ್ನು ನೇರವಾಗಿ ತೆರೆದು ನೋಡುವಂತಿಲ್ಲ. ಒಂದು ಕಿಂಡಿಯಲ್ಲಿ ಇಂತಿಷ್ಟನೆಯ ಖಾನೆ ಬೇಕು ಎಂದು ಚೀಟಿ ಕೊಡಬೇಕು. ಪಕ್ಕದ ಕಿಂಡಿಯಲ್ಲಿ ಉತ್ತರ ಬರುತ್ತದೆ. ತಾಲ್ಲೂಕು ಕಚೇರಿಯ ನೆನಪಾದರೆ ನನ್ನ ತಪ್ಪಲ್ಲ. ಒಂದು ಸಲಕ್ಕೆ ಒಂದೇ ಖಾನೆಯ ಉತ್ತರ. ಹೀಗಾಗಿ ಒಂದು ತೊಡಕು. ಗಂಟೆ ಒಂಬತ್ತು, ಐವತ್ತೊಂಬತ್ತು ನಿಮಿಷ, ಐವತ್ತೊಂಬತ್ತು ಸೆಕೆಂಡು ಆಗಿದೆ ಎನ್ನಿ. ಕರ್ನಲ್ ಮೊದಲು ಗಂಟೆಯ ಖಾನೆ ಓದಿತು: ಒಂಬತ್ತು. ನಿಮಿಷದ ಖಾನೆ ಕೇಳುವಷ್ಟರಲ್ಲಿ ಸೆಕೆಂಡು ದಾಟಿ ಹತ್ತು ಗಂಟೆಯಾಯಿತು. ನಿಮಿಷ ಸೊನ್ನೆ, ಸೆಕೆಂಡು ಸೊನ್ನೆ ಎಂದು ಉತ್ತರ ಬಂತು. ಕೂಡಿಸಿ ನೋಡಿದರೆ ಒಂಬತ್ತು ಗಂಟೆ! ಚಿಪ್ಪು ಹೇಳಿದ ಮೂರು ಮಾತೂ ನಿಜ. ಆದರೆ ಒಟ್ಟು ಉತ್ತರ ಒಂದು ಗಂಟೆಯಷ್ಟು ಸುಳ್ಳು. ಡಿಸೆಂಬರ್ 31ರ ನಡುರಾತ್ರಿಯಲ್ಲಾದರೆ ಒಂದು ವರ್ಷದಷ್ಟು ಸುಳ್ಳು.

ಇದಕ್ಕೆ ಆ ಚಿಪ್ಪನ್ನು ಮಾಡಿದವರು ಒಂದು ಮರ್ಯಾದೆ ಕಲಿಸಿದ್ದಾರೆ. ಸ್ಥಿತಿ ತಿಳಿಸುವ ಮೊದಲ ಖಾನೆಯಲ್ಲಿ ಒಂದು ಗುರುತು ಇದೆ. ಅಂಕಿಗಳು ಬದಲಾಗುವ ಕೆಲಸ ಶುರುವಾಗುವುದಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ 244 ಭಾಗ ಮುಂಚೆಯೇ ಆ ಗುರುತು ಏಳುತ್ತದೆ: ನಾನೀಗ ಬದಲಾಗುತ್ತಿದ್ದೇನೆ, ನನ್ನನ್ನು ಓದಬೇಡಿ. ಕೆಲಸ ಮುಗಿದ ಮೇಲೆ ಇಳಿಯುತ್ತದೆ. ಎಲ್ಲ ಸೇರಿ ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ ಎರಡಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. ಯಜಮಾನನಾದ ಕರ್ನಲ್ ಅಷ್ಟು ಹೊತ್ತು ಕಾಯಬೇಕು. ಕೆಲವರು ಅದನ್ನೂ ನೆಚ್ಚದೆ ಎಲ್ಲ ಖಾನೆಗಳನ್ನೂ ಎರಡು ಸಲ ಓದಿಸಿ, ಎರಡೂ ಸಲದ ಉತ್ತರ ಹೊಂದಿದರೆ ಮಾತ್ರ ಒಪ್ಪಿಕೊಳ್ಳುತ್ತಾರೆ. ಜಗಳ ಆಡಿಕೊಂಡು ಬಂದ ಇಬ್ಬರು ಹುಡುಗರನ್ನು ವಿಚಾರಿಸುವಾಗ ಉಪಾಧ್ಯಾಯರು ಮಾಡುವುದೂ ಇದನ್ನೇ. ಬಿಕ್ಕುತ್ತಿರುವ ಹುಡುಗನ ಬಾಯಿಂದ ಹೊರಟ ಮೊದಲ ಮಾತನ್ನು ಹಿಡಿದು ತೀರ್ಪು ಕೊಟ್ಟರೆ ಅದು ನ್ಯಾಯವಾಗುವುದಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ. ಅವನೊಳಗೆ ಇನ್ನೂ ಅಂಕಿ ಬದಲಾಗುತ್ತಿದೆ, ಅಷ್ಟೆ.

ಓದಿದ ಅಂಕಿಯನ್ನು ಅರ್ಥ ಮಾಡಿಕೊಳ್ಳುವುದೂ ಒಂದು ಕೆಲಸ. ಸಾಮಾನ್ಯವಾಗಿ ಚಿಪ್ಪು ಐದು ಬೇರೆ, ಒಂಬತ್ತು ಬೇರೆ ಎಂದು ಹತ್ತರ ಸ್ಥಾನ ಬಿಡಿಸ್ಥಾನಗಳನ್ನು ಪ್ರತ್ಯೇಕವಾಗಿ ಬರೆದಿಡುತ್ತದೆ. ಅದು ತಿಳಿಯದೆ ಕಂಪ್ಯೂಟರಿನ ಮಾಮೂಲಿ ಲೆಕ್ಕದಲ್ಲಿ ಓದಿದರೆ 59 ಎಂಬುದು 89 ಎಂದಾಗುತ್ತದೆ. ವರ್ಷಕ್ಕೆ ಇರುವುದು ಎರಡೇ ಅಂಕಿ. ಶತಮಾನ ಯಾವುದೆಂದು ಕರ್ನಲ್ಲೇ ಊಹಿಸಿಕೊಳ್ಳಬೇಕು. ಲಿನಕ್ಸ್ ಎಂಬ ಕರ್ನಲ್ಲಿನಲ್ಲಿ 69ರವರೆಗೆ ಇದ್ದರೆ ಎರಡು ಸಾವಿರದ ಈಚಿನದು, 70ರಿಂದ ಮೇಲಾದರೆ ಹಿಂದಿನ ಶತಮಾನದ್ದು ಎಂದು ಹಂಚಿಕೊಂಡಿದ್ದಾರೆ. ವಾರಕ್ಕೂ ಒಂದು ಖಾನೆ ಇದೆ. ಆದರೆ ಅದು ತಾರೀಕಿನಿಂದ ಲೆಕ್ಕ ಹಾಕಿದ ವಾರವಲ್ಲ. ಒಂದರಿಂದ ಏಳರವರೆಗೆ ತನ್ನ ಪಾಡಿಗೆ ಸುತ್ತುತ್ತಿರುವ ಎಣಿಕೆ. ಮೊದಲು ಇಟ್ಟವರು ತಪ್ಪು ಇಟ್ಟಿದ್ದರೆ ಸೋಮವಾರದ ತಾರೀಕಿಗೆ ಶುಕ್ರವಾರ ಅಂಟಿಕೊಂಡು ಹಾಗೇ ಸಾಗುತ್ತದೆ. ಲಿನಕ್ಸ್ ಆ ಖಾನೆಯನ್ನು ಕೇಳುವುದೇ ಇಲ್ಲ. ವಾರವನ್ನು ತಾರೀಕಿನಿಂದ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ.

ಇತಿಹಾಸ ಓದಿದವರಿಗೆ ಇದು ಹೊಸದಲ್ಲ. ನಮ್ಮ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಲ್ಲವನ್ನೂ ಕೊಟ್ಟಿರುತ್ತಾರೆ. ಶಾಸನತಜ್ಞರು ತಿಥಿಗೂ ವಾರಕ್ಕೂ ತಾಳೆ ಹಾಕಿ ನೋಡುತ್ತಾರೆ. ತಾಳೆಯಾಗದಿದ್ದರೆ ಬರೆದವನ ಅಜಾಗ್ರತೆಯೊ, ಇಲ್ಲವೆ ನಂತರದವರು ಹಿಂದಿನ ತಾರೀಕು ಹಾಕಿ ಬರೆದ ಕೂಟಶಾಸನವೊ ಎಂಬ ಅನುಮಾನ ಹುಟ್ಟುತ್ತದೆ. ಗಂಗರ ಹೆಸರಿನಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಹಲವು ಕೂಟ ಎಂದು ಫ್ಲೀಟ್ ವಾದಿಸಿದರು, ಬಿ.ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಭೂಮಿಯ ಹಕ್ಕಿಗಾಗಿ ತಾರೀಕನ್ನು ಹಿಂದಕ್ಕೆ ಸರಿಸುವ ಬುದ್ಧಿ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು.

ಈ ಚಿಪ್ಪಿನ ಗುಣಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು. ಸ್ಥಿತಿ ತಿಳಿಸುವ ನಾಲ್ಕನೆಯ ಖಾನೆಯಲ್ಲಿ ಒಂದೇ ಒಂದು ಗುರುತಿದೆ. ಸೆಲ್ಲು ಸರಿಯಾಗಿದ್ದಷ್ಟು ಕಾಲ ಅದು ಒಂದು ಎಂದಿರುತ್ತದೆ. ಸೆಲ್ಲು ಸತ್ತು, ನಡುವೆ ಎಣಿಕೆ ಕಡಿದುಹೋಗಿದ್ದರೆ ಸೊನ್ನೆಯಾಗುತ್ತದೆ. ಅಂದರೆ, ನನ್ನೊಳಗೆ ಅಂಕಿಗಳೇನೋ ಇವೆ, ನೀವು ಕೇಳಿದರೆ ಕೊಡುತ್ತೇನೆ, ಆದರೆ ಅವನ್ನು ನಂಬಬೇಡಿ. ಇಷ್ಟು ಮಾತು ಹೇಳಲು ಒಂದು ಬಿಟ್ಟಿನಷ್ಟು ಜಾಗ ಸಾಕು. ಅದಕ್ಕಿಂತ ಕಡಿಮೆ ಜಾಗ ಕಂಪ್ಯೂಟರಿನಲ್ಲಿ ಇಲ್ಲ! ಮೋಟರೋಲಾದ ಮೂಲ ಚಿಪ್ಪಿನಲ್ಲಿ ಇನ್ನೂ ಒಂದು ವಿಶೇಷ. ಕರ್ನಲ್ ಆ ಖಾನೆಯನ್ನು ಒಮ್ಮೆ ಓದಿದ ಕೂಡಲೇ ಗುರುತು ಮತ್ತೆ ಒಂದಾಗಿಬಿಡುತ್ತದೆ. ತನ್ನ ಮಾತು ನಂಬಲರ್ಹವಲ್ಲ ಎಂದು ಅದು ಒಂದು ಸಲ ಮಾತ್ರ ಹೇಳುತ್ತದೆ. ಕೇಳಿಸಿಕೊಂಡವರು ನೆನಪಿಟ್ಟುಕೊಳ್ಳಬೇಕು. ಕೇಳಿಸಿಕೊಂಡು ಸುಮ್ಮನಾದರೆ ಆಮೇಲಿನ ಸುಳ್ಳಿನ ಹೊಣೆ ಚಿಪ್ಪಿನದಲ್ಲ.

ನಮ್ಮ ಶಾಲೆಗಳ ದಾಖಲಾತಿ ಪುಸ್ತಕದಲ್ಲಿ ಇಂಥದೊಂದು ಗುರುತಿಗೆ ಜಾಗವಿರಲಿಲ್ಲ. ನನ್ನ ತಲೆಮಾರಿನವರಲ್ಲಿ, ನನಗಿಂತ ಹಿರಿಯರಲ್ಲಂತೂ, ಜೂನ್ 1ರಂದು ಹುಟ್ಟಿದವರು ಎಷ್ಟು ಜನ ಎಂದು ಯಾವ ಊರಿನಲ್ಲಾದರೂ ಕೇಳಿ ನೋಡಿ. ಹಳ್ಳಿಯ ಮಗುವನ್ನು ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದ. ಹುಟ್ಟಿದ್ದು ಯಾವಾಗ ಎಂದರೆ, ದೊಡ್ಡ ಮಳೆ ಬಂತಲ್ಲ ಸ್ವಾಮಿ, ಆ ವರ್ಷ ಎನ್ನುತ್ತಿದ್ದ. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡ ಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸಾಗಿದೆ ಎಂದು ಜೂನ್ 1, ಇಂತಿಷ್ಟನೇ ಇಸವಿ ಎಂದು ಬರೆದರೆ ಆಯಿತು. ಸೆಲ್ಲು ಸತ್ತ ಕಂಪ್ಯೂಟರು ಯಾವುದೋ ವರ್ಷದ ಜನವರಿ 1 ಎನ್ನುತ್ತದಲ್ಲ, ಥೇಟು ಹಾಗೇ. ಮೇಷ್ಟ್ರು ಸುಳ್ಳುಗಾರರಲ್ಲ. ಖಾಲಿ ಬಿಟ್ಟರೆ ಮಗುವಿಗೆ ಶಾಲೆಯಿಲ್ಲ. ಆದರೆ ಪಕ್ಕದಲ್ಲಿ "ಅಂದಾಜು" ಎಂಬ ಒಂದು ಮಾತಿಗೆ ಕಾಲಂ ಇದ್ದಿದ್ದರೆ? ಇಲ್ಲದ ಕಾರಣ ಆ ಊಹೆ ಸತ್ಯದ ವೇಷ ಹಾಕಿಕೊಂಡು ಟಿ.ಸಿ.ಗೆ ಬಂತು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂತು, ಕೆಲಸದ ಸೇವಾ ಪುಸ್ತಕಕ್ಕೂ ಬಂತು. ನಿವೃತ್ತಿಯ ದಿನ ಹತ್ತಿರವಾದಾಗ ಕೆಲವರು ನನ್ನ ನಿಜವಾದ ಹುಟ್ಟಿದ ದಿನ ಬೇರೆ ಎಂದು ಅರ್ಜಿ ಹಿಡಿದು ಓಡಾಡತೊಡಗಿದರು. ಅವರಲ್ಲಿ ನಿಜ ಹೇಳುವವರೂ ಇದ್ದರು, ಎರಡು ವರ್ಷ ಹೆಚ್ಚು ಸಂಬಳ ಸಿಗಲಿ ಎನ್ನುವವರೂ ಇದ್ದರು. ಹೊರಗಿನಿಂದ ನೋಡಿದರೆ ಎರಡೂ ಅರ್ಜಿ ಒಂದೇ ತರಹ. ಕರ್ನಾಟಕದಲ್ಲಿ 1974ರಲ್ಲಿ ಇದಕ್ಕೆಂದೇ ಒಂದು ಕಾನೂನು ಮಾಡಿ, ಸೇವೆಗೆ ಸೇರಿದ ಮೊದಲ ಕೆಲವು ವರ್ಷಗಳೊಳಗೆ ಕೇಳದಿದ್ದರೆ ಮತ್ತೆ ತಿದ್ದುವಂತಿಲ್ಲ ಎಂದರು. ಮನಸ್ಸನ್ನು ಅಳೆಯಲಾರದ ಸರ್ಕಾರ ಅವಧಿಯನ್ನು ಅಳೆಯಿತು. ಅದರಿಂದ ಸುಳ್ಳರೂ ನಿಂತರು, ಕೆಲವು ಸತ್ಯವಂತರೂ ನಿಂತರು.

ಇನ್ನು ಗಡಿಯಾರವನ್ನು ಇಡುವ ರೀತಿ. ಯಾರೆಂದರವರು ಅದನ್ನು ಮುಟ್ಟುವಂತಿಲ್ಲ. ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವವರು ಹೇಳಿದರೆ ಮಾತ್ರ ಕರ್ನಲ್ ಒಪ್ಪುತ್ತದೆ. ಒಪ್ಪಿದ ಮೇಲೆ ಅದು ಮಾಡುವ ಮೊದಲ ಕೆಲಸ ಗಡಿಯಾರವನ್ನು ನಿಲ್ಲಿಸುವುದು. ಅದಕ್ಕೂ ಒಂದು ಗುರುತಿದೆ. ಅದನ್ನು ಏರಿಸಿದರೆ ಖಾನೆಗಳಲ್ಲಿನ ಅಂಕಿ ಬದಲಾಗುವುದು ನಿಲ್ಲುತ್ತದೆ. ಆಮೇಲೆ ವರ್ಷ, ತಿಂಗಳು, ತಾರೀಕು, ಗಂಟೆ, ನಿಮಿಷ, ಸೆಕೆಂಡು ಎಲ್ಲ ಬರೆದು, ಗುರುತು ಇಳಿಸಿ, ಹೋಗು ಎಂದು ಬಿಡಬೇಕು. ಬಿಟ್ಟ ಮೇಲೆ ಮೊದಲ ಸೆಕೆಂಡು ಮಗುಚುವುದು ಅರ್ಧ ಸೆಕೆಂಡಿಗೆ. ಇದು ತಿಳಿದ ಕರ್ನಲ್, ನಿಜವಾದ ಸೆಕೆಂಡಿನ ನಟ್ಟನಡುವೆ ನೋಡಿಕೊಂಡು ಬರೆಯುತ್ತದೆ. ಇಷ್ಟು ನಾಜೂಕು! ಆದರೆ ಬರೆದದ್ದು ನಿಜವೊ ಸುಳ್ಳೊ ಎಂದು ಚಿಪ್ಪು ಕೇಳುವುದಿಲ್ಲ, ಕರ್ನಲ್ಲೂ ಕೇಳುವುದಿಲ್ಲ. ಅಧಿಕಾರ ಇದೆಯೆ ಎಂಬುದಷ್ಟೇ ಅದರ ಪ್ರಶ್ನೆ.

ಇದನ್ನು ನಾನು ಕಣ್ಣಾರೆ ಕಂಡದ್ದು 2009ರಲ್ಲಿ. ಯಾವ ಶಾಲೆ ಎಂಬುದು ಇಲ್ಲಿ ಬೇಡ. ವಿದ್ಯಾರ್ಥಿವೇತನದ ಅರ್ಜಿಗಳನ್ನು ತಿಂಗಳ ಕೊನೆಯ ದಿನದೊಳಗೆ ಪಡೆದು, ಕಂಪ್ಯೂಟರಿನಲ್ಲಿ ನಮೂದಿಸಿ, ಸ್ವೀಕೃತಿ ಚೀಟಿ ಕೊಡಬೇಕಾಗಿತ್ತು. ಚೀಟಿಯ ಮೇಲೆ ಕ್ರಮಸಂಖ್ಯೆ, ತಾರೀಕು ತಾವಾಗಿ ಅಚ್ಚಾಗುತ್ತಿದ್ದವು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಅಪ್ಪ ಆದಾಯ ಪ್ರಮಾಣಪತ್ರ ಹಿಡಿದುಕೊಂಡು ಬಂದದ್ದು ಮಾರನೆಯ ದಿನ ಬೆಳಿಗ್ಗೆ. ಕೂಲಿ ಬಿಟ್ಟು ಮೂರು ದಿನ ಕಚೇರಿ ಸುತ್ತಿದ್ದಾನೆ. ಸಹಿ ಹಾಕುವವರು ಸಿಕ್ಕಿದ್ದು ಹಿಂದಿನ ಸಂಜೆ, ಆಗ ಬಸ್ಸಿಲ್ಲ. ಗುಮಾಸ್ತರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು.

"ಅದಕ್ಕೇನು ಟೀಚರೇ, ಗಡಿಯಾರ ಒಂದು ದಿನ ಹಿಂದಕ್ಕೆ ಹಾಕಿದರೆ ಆಯಿತು" ಎಂದರು.

"ಬೇಡಿ ಸಾರ್. ಇವತ್ತಿನ ತಾರೀಕನ್ನೇ ಹಾಕಿ. ತಡವಾದದ್ದು ಯಾಕೆ ಅಂತ ನಾನೇ ಪತ್ರ ಬರೆದು ಕೊಡುತ್ತೇನೆ, ಅದನ್ನೂ ಇಟ್ಟು ಕಳಿಸೋಣ" ಎಂದೆ.

"ನಿಮ್ಮ ಪತ್ರ ಓದುವವರು ಯಾರು ಹೇಳಿ? ಅಲ್ಲಿ ನೋಡುವುದು ತಾರೀಕೊಂದೇ."

ಮುಖ್ಯೋಪಾಧ್ಯಾಯರ ಬಳಿಗೂ ಹೋಗಿ ಹೇಳಿದೆ. ಅವರು ಕಿಟಕಿಯಾಚೆ ಆಟದ ಬಯಲನ್ನು ನೋಡುತ್ತಾ, "ಗುಮಾಸ್ತರಿಗೆ ಎಲ್ಲ ಗೊತ್ತಮ್ಮ" ಎಂದರು. ಅವರ ಮಟ್ಟಿಗೆ ಅದು ಅಪ್ಪಣೆಯೂ ಅಲ್ಲ, ತಡೆಯೂ ಅಲ್ಲ. ಗುಮಾಸ್ತರು ಗಡಿಯಾರ ಹಿಂದಕ್ಕೆ ತಿರುಗಿಸಿದರು, ಚೀಟಿ ತೆಗೆದರು, ಗಡಿಯಾರ ಮುಂದಕ್ಕೆ ತಂದರು. ಎರಡು ನಿಮಿಷವೂ ಹಿಡಿಯಲಿಲ್ಲ. ಹುಡುಗಿಗೆ ಹಣ ಬಂತು. ಅವಳು ಈಗ ಆಸ್ಪತ್ರೆಯೊಂದರಲ್ಲಿ ನರ್ಸ್. ಯಾರೂ ಏನನ್ನೂ ಕಂಡುಹಿಡಿಯಲಿಲ್ಲ.

ಗುಮಾಸ್ತರು ಲಂಚ ಮುಟ್ಟುವವರಲ್ಲ. ಆ ಕೂಲಿಯವನ ಬಗ್ಗೆ ಅವರಿಗಿದ್ದ ಕರುಣೆ ನನಗಿದ್ದುದಕ್ಕಿಂತ ಕಡಿಮೆಯದೂ ಅಲ್ಲ. ನನ್ನ ಪತ್ರವನ್ನು ಯಾರೂ ಓದುತ್ತಿರಲಿಲ್ಲ ಎಂಬ ಅವರ ಮಾತೂ ಬಹುಶಃ ನಿಜ. ಆದರೂ ಇಂದು ಮತ್ತೆ ಅದೇ ಬೆಳಿಗ್ಗೆ ಬಂದರೆ ನಾನು ಹೇಳುವುದು ಅದೇ ಮಾತು. ಆ ವರ್ಷದ ಸ್ವೀಕೃತಿ ಪುಸ್ತಕ ನನ್ನ ಕಣ್ಣಿಗೆ ಕಟ್ಟಿದೆ: 42ನೆಯ ಚೀಟಿಗೆ ಒಂದನೆಯ ತಾರೀಕು, 43ನೆಯದಕ್ಕೆ ಹಿಂದಿನ ತಿಂಗಳ ಕೊನೆಯ ತಾರೀಕು, 44ನೆಯದಕ್ಕೆ ಮತ್ತೆ ಒಂದನೆಯ ತಾರೀಕು. ತಾರೀಕನ್ನು ಹಿಂದಕ್ಕೆ ಕಳಿಸಿದರು, ಸಂಖ್ಯೆಯನ್ನು ಕಳಿಸಲಾಗಲಿಲ್ಲ. ಯಾರಾದರೂ ಎಂದಾದರೂ ಆ ಪುಟ ತೆರೆದರೆ 43ರ ಮೇಲೆ ಮಾತ್ರವಲ್ಲ, 42 ಮತ್ತು 44ರ ಮೇಲೂ ಅನುಮಾನ ಪಡುತ್ತಾರೆ. ಆ ಮಕ್ಕಳು ಏನು ತಪ್ಪು ಮಾಡಿದ್ದರು?

ಇದನ್ನು ಅಕ್ಕನ ಮಗನಿಗೆ ಹೇಳಿದಾಗ ಅವನು ನಕ್ಕು, "ಕರ್ನಲ್ಲಿನಲ್ಲೂ ಹಾಗೇ ಇದೆ ಚಿಕ್ಕಮ್ಮ, ಒಂದಲ್ಲ ಎರಡು ಲೆಕ್ಕ ಇಡುತ್ತದೆ" ಎಂದ. ಕರ್ನಲ್ ಚಿಪ್ಪನ್ನು ಕೇಳುವುದು ತಾನು ಎದ್ದಾಗ ಒಮ್ಮೆ, ನಡುವೆ ಮಲಗಿದ್ದರೆ ಮತ್ತೆ ಎದ್ದಾಗ. ಆಮೇಲೆ ತಾನೇ ಎಣಿಸಿಕೊಳ್ಳುತ್ತದೆ. ಆ ಎಣಿಕೆಯಲ್ಲಿ ಒಂದು, ನಾವು ನೋಡುವ ತಾರೀಕು ಗಂಟೆ. 1970ರ ಜನವರಿ 1ರಿಂದ ಎಷ್ಟು ಸೆಕೆಂಡಾಯಿತು ಎಂಬ ಲೆಕ್ಕ ಅದು. ಅಧಿಕಾರವಿರುವವರು ಅದನ್ನು ಹಿಂದೆ ಮುಂದೆ ಮಾಡಬಹುದು. ಇನ್ನೊಂದು, ಯಂತ್ರ ಶುರುವಾದಾಗಿನಿಂದ ಸಾಗಿದ ಹೊತ್ತು. ಅದನ್ನು ಹಿಂದಕ್ಕೆ ತಿರುಗಿಸುವ ಆಜ್ಞೆಯೇ ಇಲ್ಲ. ಪೂರ್ಣ ಅಧಿಕಾರವಿರುವ ಯಜಮಾನನಿಗೂ ಇಲ್ಲ. ಯಾವುದು ಮೊದಲು ಆಯಿತು, ಯಾವುದು ಆಮೇಲೆ, ನಡುವೆ ಎಷ್ಟು ಹೊತ್ತು ಕಳೆಯಿತು ಎಂದು ತಿಳಿಯಬೇಕಾದಾಗ ಬುದ್ಧಿಯಿರುವ ತಂತ್ರಾಂಶ ಎರಡನೆಯದನ್ನು ಕೇಳುತ್ತದೆ. ಗಂಟೆ ಇಂತಿಷ್ಟು ಎಂಬುದು ನಾವು ನಾವು ಮಾಡಿಕೊಂಡ ಒಪ್ಪಂದ, ಅದನ್ನು ತಿದ್ದಬಹುದು. ಆದ ಘಟನೆಗಳ ಅನುಕ್ರಮ ಹಾಗಲ್ಲ. ಈ ವ್ಯತ್ಯಾಸವನ್ನು ಯಂತ್ರ ಬರೆದವರು ಕಟ್ಟುನಿಟ್ಟಾಗಿ ಇಟ್ಟುಕೊಂಡಿದ್ದಾರೆ. ನಮ್ಮ ಕಚೇರಿಗಳಲ್ಲಿ ಕ್ರಮಸಂಖ್ಯೆಯ ಕೆಲಸವೂ ಅದೇ ಆಗಿದ್ದರೂ ಅದನ್ನು ಓದುವವರು ಕಡಿಮೆ.

ತಪ್ಪಿದ ಗಡಿಯಾರವನ್ನು ಸರಿಪಡಿಸುವುದರಲ್ಲೂ ಒಂದು ಸೌಮ್ಯವಾದ ದಾರಿ ಇದೆ. ಗಡಿಯಾರ ಒಂದು ಸೆಕೆಂಡು ಮುಂದಿದೆ ಎನ್ನಿ. ಪಟ್ಟನೆ ಹಿಂದಕ್ಕೆ ಎಳೆದರೆ, ಈಗಷ್ಟೇ ಕಳೆದ ಸೆಕೆಂಡು ಮತ್ತೊಮ್ಮೆ ಬರುತ್ತದೆ. ಆಗ ಬರೆದ ಕಡತ ಮೊದಲಿನ ಕಡತಕ್ಕಿಂತ ಹಳೆಯದಾಗಿ ಕಾಣುತ್ತದೆ. ಅದಕ್ಕೆ ಕರ್ನಲ್ ತನ್ನ ಎಣಿಕೆಯನ್ನು ತುಸು ನಿಧಾನ ಮಾಡುತ್ತದೆ. ಸೆಕೆಂಡಿಗೆ ಹೆಚ್ಚೆಂದರೆ ಸಾವಿರದಲ್ಲಿ ಅರ್ಧ ಭಾಗದಷ್ಟು. ಹೀಗೆ ಒಂದು ಸೆಕೆಂಡು ಸರಿಹೋಗಲು 2000 ಸೆಕೆಂಡು, ಅಂದರೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕು. ಯಾವ ಕ್ಷಣವೂ ಎರಡು ಸಲ ಬರುವುದಿಲ್ಲ, ಯಾವುದೂ ಬಿಟ್ಟುಹೋಗುವುದಿಲ್ಲ. ಸರ್ಕಾರಿ ಪುಸ್ತಕದಲ್ಲಿ ಅಂಕಿ ತಪ್ಪಾದರೆ ವೈಟ್ನರ್ ಹಚ್ಚಬಾರದು, ಬ್ಲೇಡಿನಿಂದ ಕೆರೆಯಬಾರದು. ಹಳೆಯ ಅಂಕಿ ಕಾಣುವ ಹಾಗೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಹಿರಿಯ ಉಪಾಧ್ಯಾಯಿನಿಯೊಬ್ಬರು ನನಗೆ ಕಲಿಸಿದ ಮೊದಲ ಪಾಠ ಅದು. ಲಿನಕ್ಸಿನಲ್ಲೂ ಅಂಥ ಒಂದು ಕಡತ ಇದೆ. ಚಿಪ್ಪಿನ ಗಡಿಯಾರವನ್ನು ಕಡೆಯ ಸಲ ಸರಿಪಡಿಸಿದ್ದು ಯಾವಾಗ, ಅದು ದಿನಕ್ಕೆ ಎಷ್ಟು ಸೆಕೆಂಡು ತಪ್ಪುತ್ತದೆ, ಅದರಲ್ಲಿ ಇಟ್ಟಿರುವುದು ಲೋಕದ ಸಾಮಾನ್ಯ ಸಮಯವೊ ಊರಿನ ಸಮಯವೊ, ಎಲ್ಲ ಅದರಲ್ಲಿರುತ್ತದೆ. ಕೊನೆಯದು ಸಣ್ಣ ವಿಷಯವೇನಲ್ಲ. ವಿಂಡೋಸ್ ಸಾಮಾನ್ಯವಾಗಿ ಚಿಪ್ಪಿನಲ್ಲಿ ಊರಿನ ಸಮಯ ಇಡುತ್ತದೆ, ಲಿನಕ್ಸ್ ಲೋಕದ ಸಮಯ. ಎರಡೂ ಒಂದೇ ಯಂತ್ರದಲ್ಲಿದ್ದರೆ ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸತ್ಯವನ್ನೇ ಹೇಳುತ್ತಾ, ನಮ್ಮ ದೇಶದಲ್ಲಿ ಐದೂವರೆ ಗಂಟೆ ಜಗಳವಾಡುತ್ತಾರೆ.

ದಿನಕ್ಕೆ ಎಷ್ಟು ತಪ್ಪುತ್ತದೆ ಎಂಬ ಲೆಕ್ಕ ಯಾಕೆ ಎನ್ನಬಹುದು. ಯಾವ ಸ್ಫಟಿಕವೂ ಪೂರ್ತಿ ಸರಿಯಲ್ಲ. ಹತ್ತು ಲಕ್ಷಕ್ಕೆ ಇಪ್ಪತ್ತು ಅದುರು ಹೆಚ್ಚು ಕಡಿಮೆಯಾದರೂ ದಿನಕ್ಕೆ ಒಂದೂಮುಕ್ಕಾಲು ಸೆಕೆಂಡಿನ ಹತ್ತಿರ ಬರುತ್ತದೆ, ತಿಂಗಳಿಗೆ ಒಂದು ನಿಮಿಷಕ್ಕೆ ಸ್ವಲ್ಪ ಕಡಿಮೆ. ಈ ಸ್ಫಟಿಕಗಳನ್ನು ಸುಮಾರು 25 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಹೊಂದಿಸಿರುತ್ತಾರೆ. ಸೆಕೆ ಹೆಚ್ಚಾದರೂ ನಿಧಾನ, ಚಳಿ ಹೆಚ್ಚಾದರೂ ನಿಧಾನ! ಆದರೆ ಒಂದೊಂದು ಚಿಪ್ಪಿನ ತಪ್ಪೂ ಅದರದೇ ಆದ ಒಂದು ಹದದಲ್ಲಿರುತ್ತದೆ. ದಿನಾ ಇಷ್ಟೇ ತಪ್ಪುತ್ತದೆ ಎಂದು ಗೊತ್ತಾದರೆ, ತಿಂಗಳು ಕಳೆದು ಕೇಳಿದರೂ ಅದರ ಉತ್ತರದಿಂದ ನಿಜವನ್ನು ಲೆಕ್ಕ ಹಾಕಿ ತೆಗೆಯಬಹುದು. ತಪ್ಪುವ ಸಾಕ್ಷಿಯೂ ಹೀಗೆ ಉಪಯೋಗಕ್ಕೆ ಬರುತ್ತಾನೆ, ಅವನು ತಪ್ಪುವ ರೀತಿ ನಮಗೆ ತಿಳಿದಿದ್ದರೆ.

ಇಂಟರ್‌ನೆಟ್ ಇರುವ ಯಂತ್ರದಲ್ಲಿ ಈ ಲೆಕ್ಕವೇ ಸಾಧ್ಯವಾಗುವುದಿಲ್ಲ ಎಂಬುದು ನನಗೆ ಮೊದಲು ನಂಬಿಕೆಯಾಗಲಿಲ್ಲ. ಅಲ್ಲಿ ಕರ್ನಲ್ ಹೊರಗಿನಿಂದ ಸರಿಯಾದ ಸಮಯ ಪಡೆಯುತ್ತಿರುತ್ತದೆ; ಸುಮಾರು ಹನ್ನೊಂದು ನಿಮಿಷಕ್ಕೊಮ್ಮೆ, ಯಾರಿಗೂ ಹೇಳದೆ, ಅದನ್ನು ಚಿಪ್ಪಿನಲ್ಲಿ ಬರೆಯುತ್ತದೆ. ಚಿಪ್ಪು ಯಾವಾಗ ನೋಡಿದರೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಅದು ತನ್ನಷ್ಟಕ್ಕೆ ಬಿಟ್ಟರೆ ಎಷ್ಟು ತಪ್ಪುತ್ತದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಸಂಜೆಯ ಮನೆಪಾಠದಲ್ಲಿ ಪ್ರತಿ ಲೆಕ್ಕವನ್ನೂ ಪಕ್ಕದಲ್ಲಿ ಕೂತು ತಿದ್ದಿಸಿಕೊಂಡು ಬರುವ ಹುಡುಗರ ನೋಟ್‌ಬುಕ್ಕು ನನ್ನ ಗಣಿತದ ಸಹೋದ್ಯೋಗಿಗಳ ಮೇಜಿನ ಮೇಲೆ ನೋಡುತ್ತೇನೆ. ಪುಟಪುಟವೂ ಅಚ್ಚುಕಟ್ಟು. ಪರೀಕ್ಷೆಯ ದಿನದವರೆಗೆ ಆ ಹುಡುಗನಿಗೆ ದಶಾಂಶ ತಪ್ಪುತ್ತದೊ, ಭಾಗಾಕಾರ ತಪ್ಪುತ್ತದೊ ಯಾರಿಗೂ ಗೊತ್ತಿಲ್ಲ.

ನಮ್ಮ ಪ್ರಯೋಗಾಲಯದಲ್ಲಿ ಇಂಟರ್‌ನೆಟ್ ಸಂಪರ್ಕ ಇಲ್ಲದ ಹಳೆಯ ಕಂಪ್ಯೂಟರು ಒಂದಿದೆ. ಹೋದ ವರ್ಷ ಅದಕ್ಕೆ ಹೊಸ ಸೆಲ್ಲು ಹಾಕಿಸಿ, ಗಡಿಯಾರ ಸರಿಯಾಗಿ ಇಟ್ಟು, ಯಾರೂ ಅದನ್ನು ಮುಟ್ಟಬೇಡಿ ಎಂದು ಚೀಟಿ ಅಂಟಿಸಿದ್ದೇನೆ. ಸೋಮವಾರದ ಮೊದಲ ಪೀರಿಯಡ್ಡಿನಲ್ಲಿ ಎಂಟನೆಯ ತರಗತಿಯ ಇಬ್ಬರು ಅದನ್ನು ಶುರು ಮಾಡಿ, ನನ್ನ ಮೊಬೈಲಿನ ಸಮಯದ ಜೊತೆ ಹೋಲಿಸಿ, ವ್ಯತ್ಯಾಸವನ್ನು ಗೋಡೆಯ ಹಾಳೆಯ ಮೇಲೆ ಬರೆಯುತ್ತಾರೆ. ಬರೆದದ್ದು ತಪ್ಪಾದರೆ ಒಂದೇ ಗೆರೆ, ಪಕ್ಕದಲ್ಲಿ ಹೆಸರಿನ ಮೊದಲ ಅಕ್ಷರ. ಏಪ್ರಿಲ್ ಮೊದಲ ವಾರದ ಹೊತ್ತಿಗೆ ಅದು ಒಂದು ನಿಮಿಷ ಹದಿನೇಳು ಸೆಕೆಂಡು ಹಿಂದಿತ್ತು. ಈ ವರ್ಷದ ಮಕ್ಕಳು ಅಲ್ಲಿಂದಲೇ ಮುಂದುವರಿಸಿದ್ದಾರೆ.